ಒಂದೂವರೆ ದಿನದ ಆರಾಧನೆ

ಯತಿಗಳ ವಾರ್ಷಿಕ ಪುಣ್ಯತಿಥಿಯಾದ ಆರಾಧನೆಗೆ ಮೂರು ದಿನ: ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ. ಮೂರನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಒಂದೂವರೆ ದಿನ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಅರ್ಧದ ಗೆರೆ ಬೀಳುವುದು ಮಧ್ಯಾರಾಧನೆಯ ನಡುವೆ, ಗುರುಗಳು ಬೃಂದಾವನಸ್ಥರಾದ, ಅಂದರೆ ದೇಹ ಬಿಟ್ಟು ಸಮಾಧಿ ಸೇರಿದ ತಿಥಿಯ ದಿನವೇ, ಪಂಚಾಮೃತ ಅಭಿಷೇಕ ಮುಗಿದು ಮಹಾಪೂಜೆ, ಹಸ್ತೋದಕ, ತೀರ್ಥಪ್ರಸಾದಗಳು ಒಂದರ ಹಿಂದೊಂದು ನಡೆಯಬೇಕಾದ ಹೊತ್ತಿನ ಮೇಲೆ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುವಿನ ನವಬೃಂದಾವನ ಗಡ್ಡೆಯಲ್ಲಿ ನಡೆಯುವ ಆರಾಧನೆಗಳನ್ನು ಮಧ್ವಾಚಾರ್ಯರ ಪರಂಪರೆಯ ಎರಡು ಮಠಗಳಾದ ಉತ್ತರಾದಿ ಮಠ ಮತ್ತು ಮಂತ್ರಾಲಯದ ಶ್ರೀ ರಾಘವೇಂದ್ರ ಸ್ವಾಮಿಗಳ ಮಠ ಹೀಗೆ ತಲಾ ಒಂದೂವರೆ ದಿನ ನೆರವೇರಿಸುವಂತೆ ನ್ಯಾಯಾಲಯದ ಮಧ್ಯಂತರ ಆದೇಶಗಳು ಬಂದಿವೆ. ನಾನು ಆ ಏರ್ಪಾಟನ್ನು ಕಣ್ಣಾರೆ ಕಂಡವನು. ಅದರ ಬಗ್ಗೆ ಬಹಳ ದಿನಗಳಿಂದ ಬರೆಯಬೇಕೆಂದುಕೊಂಡಿದ್ದೆ.

ನಮ್ಮ ತಂದೆಯವರ ಮನೆತನ ಉತ್ತರಾದಿ ಮಠದ ಶಿಷ್ಯವರ್ಗಕ್ಕೆ ಸೇರಿದ್ದು. ತಾಯಿಯ ತವರು ರಾಯರ ಮಠದ್ದು. ಮದುವೆಯಾಗಿ ಬಂದ ಮೇಲೆ ತಾಯಿ ಪ್ರಥಮ ಏಕಾದಶಿಯ ತಪ್ತಮುದ್ರೆಯನ್ನು (ಕಾಯಿಸಿದ ಶಂಖಚಕ್ರಗಳ ಗುರುತನ್ನು) ತಂದೆಯವರ ಮಠದಲ್ಲಿ ಧರಿಸುತ್ತಿದ್ದರು, ಗುರುವಾರ ರಾಯರ ಸ್ತೋತ್ರ ಹೇಳದೆ ಊಟ ಮಾಡುತ್ತಿರಲಿಲ್ಲ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಎರಡೂ ಮಠಗಳ ಮಂತ್ರಾಕ್ಷತೆ ಒಂದೇ ಬೆಳ್ಳಿಯ ಭರಣಿಯಲ್ಲಿ ಇರುತ್ತಿತ್ತು. ಇದು ನಮ್ಮ ಮನೆಯ ವಿಶೇಷವಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರಗಳ ಕಡೆ ಹೆಣ್ಣು ಕೊಟ್ಟು ತರುವ ಮಾಧ್ವ ಮನೆಗಳಲ್ಲಿ ಇದು ಸರ್ವೇಸಾಮಾನ್ಯ. ಎರಡು ಮಠಗಳ ನಡುವಿನ ಗೆರೆ ನಮ್ಮಂಥವರ ಅಡುಗೆಮನೆಯನ್ನು, ಶ್ರಾದ್ಧದ ಪಂಕ್ತಿಯನ್ನು, ಜಾತಕದ ಮಾತುಕತೆಯನ್ನು ಎಂದೂ ದಾಟಿ ಬಂದದ್ದಿಲ್ಲ.

ಕೆಲವು ವರ್ಷಗಳ ಹಿಂದೆ, ಕಾರ್ತಿಕ ಬಹುಳ ಚತುರ್ದಶಿಯ ಪದ್ಮನಾಭತೀರ್ಥರ ಆರಾಧನೆಗೆ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ದೋಣಿ ಇಳಿದು ಬಂಡೆಗಳ ನಡುವೆ ನಡೆದು ಗಡ್ಡೆ ಸೇರುವಷ್ಟರಲ್ಲಿ ಬೆಳಗಿನ ಪೂಜೆ ಮುಗಿಯುತ್ತ ಬಂದಿತ್ತು. ಒಂದು ಕಡೆಯವರು ಗಡಿಬಿಡಿಯಿಂದ ಪೂಜಾಪಾತ್ರೆಗಳನ್ನು ಎತ್ತಿಡುತ್ತಿದ್ದರು. ಇನ್ನೊಂದು ಕಡೆಯವರು ಹೂವಿನ ಬುಟ್ಟಿ, ಕೊಪ್ಪರಿಗೆಗಳೊಂದಿಗೆ ಮಡಿಯಲ್ಲಿಯೇ ಕಾಯುತ್ತಿದ್ದರು. ನಡುವೆ ಪೊಲೀಸರು, ಕಂದಾಯ ಇಲಾಖೆಯ ಒಬ್ಬ ಅಧಿಕಾರಿ ಮತ್ತು ಅವರ ಕೈಯಲ್ಲಿ ಆದೇಶದ ಪ್ರತಿ. ಆ ಅಧಿಕಾರಿ ಕೈಗಡಿಯಾರ ನೋಡಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ಆ ಮನುಷ್ಯನ ಮುಖದಲ್ಲಿ ಸಂಕೋಚವಿತ್ತು. ತಾಯಿ ತೀರ್ಥಕ್ಕಾಗಿ ಸಾಲಿನಲ್ಲಿ ನಿಂತರು. ಯಾರೋ ಒಬ್ಬರು, ಯಾವ ಕಡೆಯವರೆಂದು ಇಲ್ಲಿ ಹೇಳುವುದು ಬೇಡ, "ತಾವು ಯಾವ ಮಠದವರು?" ಎಂದು ಕೇಳಿದರು. ಕೇಳಿದ್ದು ಒರಟಾಗಿ ಏನಲ್ಲ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ನಮ್ಮವೇ ಅಲ್ಲೇನಪ್ಪಾ" ಎಂದರು. ಅವರಿಗೆ ತೀರ್ಥ ಸಿಕ್ಕಿತು. ಆದರೆ ದೋಣಿಯಲ್ಲಿ ಹಿಂದಿರುಗುವಾಗ ಅವರು ಒಂದು ಮಾತೂ ಆಡಲಿಲ್ಲ.

ಜಗಳ ಏಕೆ ಹುಟ್ಟಿತು ಎಂಬುದನ್ನು ಅರಿಯಲು ಆ ಗಡ್ಡೆಯಲ್ಲಿ ಯಾರು ಯಾರು ಇದ್ದಾರೆ ಎಂಬುದನ್ನು ನೋಡಬೇಕು. ಹೆಸರೇ ಹೇಳುವಂತೆ ಒಂಬತ್ತು ಬೃಂದಾವನಗಳು. ನಡುವೆ ವ್ಯಾಸರಾಜರದು, ಸುತ್ತಲೂ ಉಳಿದ ಯತಿಗಳದು. ಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾಗಿ ಅವರ ನಂತರ ಪೀಠವೇರಿದ ಪದ್ಮನಾಭತೀರ್ಥರು ಇಲ್ಲಿದ್ದಾರೆ. ಕವೀಂದ್ರತೀರ್ಥರು ಮತ್ತು ವಾಗೀಶತೀರ್ಥರು ಇದ್ದಾರೆ. ಉತ್ತರಾದಿ ಮಠದ ಪರಂಪರೆಯ ರಘುವರ್ಯತೀರ್ಥರು, ರಾಘವೇಂದ್ರ ಸ್ವಾಮಿಗಳ ಗುರುಗಳಾದ ಸುಧೀಂದ್ರತೀರ್ಥರು, ವ್ಯಾಸರಾಜರ ಪರಂಪರೆಯ ಶ್ರೀನಿವಾಸತೀರ್ಥರು ಮತ್ತು ರಾಮತೀರ್ಥರು, ಗೋವಿಂದ ಒಡೆಯರು, ಹೀಗೆ ಒಂಬತ್ತು. ಸುಧೀಂದ್ರತೀರ್ಥರ ಆರಾಧನೆ ರಾಯರ ಮಠದ್ದು. ವ್ಯಾಸರಾಜರ ಆರಾಧನೆ ವ್ಯಾಸರಾಜ ಮಠದ್ದು. ಅವುಗಳಿಗೆ ಇನ್ನೊಬ್ಬರು ಹಕ್ಕು ಕೇಳುವುದಿಲ್ಲ. ತಂಟೆ ಇರುವುದು ಮುಖ್ಯವಾಗಿ ಪದ್ಮನಾಭ, ಕವೀಂದ್ರ, ವಾಗೀಶ ಈ ಮೂವರು ಗುರುಗಳ ಬಳಿ.

ಅದಕ್ಕೆ ಕಾರಣ ಗುರುಪರಂಪರೆಯ ಪಟ್ಟಿಯಲ್ಲಿಯೇ ಇದೆ. ಪದ್ಮನಾಭತೀರ್ಥರಿಂದ ಹರಿದು ಬಂದ ಪರಂಪರೆ ವಿದ್ಯಾಧಿರಾಜತೀರ್ಥರ ನಂತರ ಕವಲೊಡೆಯಿತು. ಒಂದು ಕವಲು ರಾಜೇಂದ್ರತೀರ್ಥರ ಮೂಲಕ ಮುಂದೆ ವ್ಯಾಸರಾಜರತ್ತ ಸಾಗಿತು. ಇನ್ನೊಂದು ಕವೀಂದ್ರತೀರ್ಥರು, ವಾಗೀಶತೀರ್ಥರು, ರಾಮಚಂದ್ರತೀರ್ಥರವರೆಗೆ ಒಂದೇ ಆಗಿ ಹರಿದು, ಅಲ್ಲಿಂದ ಮತ್ತೆ ಎರಡಾಯಿತು. ವಿಬುಧೇಂದ್ರತೀರ್ಥರಿಂದ ಮುಂದುವರಿದದ್ದು ಇಂದು ರಾಯರ ಮಠವೆನಿಸಿದೆ. ವಿದ್ಯಾನಿಧಿತೀರ್ಥರಿಂದ ಮುಂದುವರಿದದ್ದು ಉತ್ತರಾದಿ ಮಠ. ಆದ್ದರಿಂದ ಕವೀಂದ್ರರೂ ವಾಗೀಶರೂ ಎರಡು ಮಠಗಳ ಚರಮಶ್ಲೋಕಗಳಲ್ಲಿಯೂ ಅಷ್ಟೇ ಭಕ್ತಿಯಿಂದ ಸ್ಮರಿಸಲ್ಪಡುತ್ತಾರೆ. ಯಾವುದು ಮೂಲ, ಯಾವುದು ಕವಲು ಎಂಬ ಪ್ರಶ್ನೆಗೆ ಎರಡು ಕಡೆಯೂ ಎರಡು ಉತ್ತರಗಳಿವೆ. ಆ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ನನಗೆ ಮುಖ್ಯವೆನಿಸುವುದು ಇಷ್ಟು: ಇವರು ಜಗಳವಾಡುತ್ತಿರುವುದು ಬೇರೆ ಬೇರೆ ಗುರುಗಳಿಗಾಗಿ ಅಲ್ಲ, ಒಬ್ಬರೇ ಗುರುಗಳಿಗಾಗಿ. ಓದುವ ಗ್ರಂಥಗಳು ಅವೇ. ಮಧ್ವಾಚಾರ್ಯರ ಕೃತಿಗಳಾದ ಸರ್ವಮೂಲ ಅದೇ, ಜಯತೀರ್ಥರ ಟೀಕೆಯಾದ ನ್ಯಾಯಸುಧೆ ಅದೇ. ನ್ಯಾಯಸುಧೆಯ ಪಾಠ ಮುಗಿಯುವ ಸುಧಾಮಂಗಳವಾದರೆ ಒಂದು ಮಠದ ವಿದ್ವಾಂಸರು ಇನ್ನೊಂದು ಮಠದ ಸಭೆಯಲ್ಲಿ ಅನುವಾದ ಮಾಡುವುದು, ಸಂಭಾವನೆ ಪಡೆಯುವುದು ನಡೆಯುತ್ತಲೇ ಇದೆ. ಹರಿಸರ್ವೋತ್ತಮತ್ವ, ಪಂಚಭೇದ, ತಾರತಮ್ಯ ಎಂಬ ಮೂಲ ಸಿದ್ಧಾಂತಗಳಲ್ಲಿ ಕೂದಲೆಳೆಯಷ್ಟೂ ಭಿನ್ನಾಭಿಪ್ರಾಯವಿಲ್ಲ.

ಹಾಗಾದರೆ ಮೂಲ, ಕವಲುಗಳ ಕುರಿತ ನಂಬಿಕೆಯ ಭೇದವೇ ಜಗಳಕ್ಕೆ ಕಾರಣವೆನ್ನಬಹುದೇ? ನಾನು ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಮಧ್ವಾಚಾರ್ಯರಿಂದ ಬಂದ ಮೂಲರಾಮದೇವರ ಪ್ರತಿಮೆ ತಮ್ಮಲ್ಲಿದೆ ಎಂದು ಉತ್ತರಾದಿ ಮಠವೂ ಹೇಳುತ್ತದೆ, ರಾಯರ ಮಠವೂ ಹೇಳುತ್ತದೆ. ಇದಕ್ಕಿಂತ ದೊಡ್ಡ ಭಿನ್ನಾಭಿಪ್ರಾಯ ಮತ್ತಾವುದಿದ್ದೀತು? ಆದರೂ ಎರಡೂ ಮಠಗಳಲ್ಲಿ ದಿನವೂ ಸಂಸ್ಥಾನಪೂಜೆ ನಡೆಯುತ್ತದೆ, ನಮ್ಮ ತಾಯಿಯಂಥವರು ಎರಡೂ ಕಡೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಯಾರ ಪೂಜೆಗೂ ಅಡ್ಡಿಯಾಗಿಲ್ಲ, ಏಕೆಂದರೆ ಎರಡು ಪೆಟ್ಟಿಗೆಗಳು ಎರಡು ಕಡೆ ತೆರೆಯುತ್ತವೆ. ಇಬ್ಬರ ನಂಬಿಕೆ ಎಷ್ಟೇ ಪರಸ್ಪರ ವಿರುದ್ಧವಾಗಿದ್ದರೂ ಅವು ಒಂದೇ ಕಲ್ಲಿನ ಮುಂದೆ, ಒಂದೇ ಬೆಳಗ್ಗೆ, ಒಂದೇ ಕಲಶದ ನೀರಿಗಾಗಿ ಎದುರುಬದುರಾಗದಿದ್ದರೆ ಜಗಳ ಹುಟ್ಟುವುದಿಲ್ಲ.

ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧವಾದದ್ದು. ಟೀಕಾಚಾರ್ಯರೆಂದೇ ಪ್ರಸಿದ್ಧರಾದ ಜಯತೀರ್ಥರ ಮೂಲಬೃಂದಾವನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿದೆ ಎಂದು ಉತ್ತರಾದಿ ಮಠದ ಸಂಪ್ರದಾಯ. ನವಬೃಂದಾವನದ ಒಂಬತ್ತರಲ್ಲಿ ಒಂದೇ ಜಯತೀರ್ಥರದು, ಅದನ್ನು ರಘುವರ್ಯತೀರ್ಥರದೆನ್ನುವುದು ಸರಿಯಲ್ಲ ಎಂದು ಇತರ ಕೆಲವರ ವಾದ. ಇದು ಇತಿಹಾಸದ ಪ್ರಶ್ನೆ. ಹಳೆಯ ಸ್ತೋತ್ರಗಳು, ಕೈಬರಹದ ಪ್ರತಿಗಳು, ಮಠಗಳ ದಾಖಲೆಗಳನ್ನು ಮುಂದಿಟ್ಟುಕೊಂಡು ಎರಡು ಕಡೆಯ ವಿದ್ವಾಂಸರೂ ಪುಟಗಟ್ಟಲೆ ಬರೆದಿದ್ದಾರೆ. ಬರೆಯಲಿ, ಅದು ವಿದ್ವತ್ತಿನ ಕೆಲಸ. ಆದರೆ ಆರಾಧನೆಯ ದಿನ ಆ ಬೃಂದಾವನದ ಮುಂದೆ ಯಾರ ಹೆಸರಿನಲ್ಲಿ ಸಂಕಲ್ಪ ಮಾಡಬೇಕೆಂಬ ಮಾತು ಬಂದ ಕ್ಷಣ ವಿದ್ವತ್ತಿನ ಪ್ರಶ್ನೆ ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗುತ್ತದೆ. ಆಗ ನಾವು ತಹಶೀಲ್ದಾರರಿಗೆ ಇತಿಹಾಸ ತೀರ್ಮಾನಿಸಲು ಹೇಳುತ್ತೇವೆ.

ನ್ಯಾಯಾಲಯಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಹತ್ತಿರ ಬಂದ ಹಬ್ಬದ ಮುನ್ನಾದಿನ ಎರಡು ಕಡೆಯ ವಕೀಲರು ತುರ್ತು ಅರ್ಜಿ ಹಿಡಿದು ನಿಂತಾಗ ನ್ಯಾಯಮೂರ್ತಿಗಳು ಬೇರೇನು ಮಾಡಿಯಾರು? ಮೂರನ್ನು ಎರಡರಿಂದ ಭಾಗಿಸುವುದು ಆ ಹೊತ್ತಿನ ನ್ಯಾಯ, ಅದರಿಂದ ತಲೆ ಒಡೆಯುವುದು ತಪ್ಪಿದೆ ಎಂಬುದನ್ನು ಒಪ್ಪಲೇಬೇಕು. ಕೆಲವು ತಂಟೆಗಳನ್ನು ನ್ಯಾಯಾಲಯವಲ್ಲದೆ ಬೇರೆ ಯಾರೂ ಬಗೆಹರಿಸಲಾರರು ಎಂಬುದೂ ನಿಜ. ಬೆಂಗಳೂರಿನ ರಾಜಾಜಿನಗರದ ಇಸ್ಕಾನ್ ದೇವಾಲಯದ ವ್ಯಾಜ್ಯ ಅಂಥದ್ದು. ಅಲ್ಲಿಯೂ ಇಬ್ಬರ ಗುರುಗಳು ಒಬ್ಬರೇ, ಜಪಿಸುವ ಮಹಾಮಂತ್ರ ಒಂದೇ, ಹೆಸರೂ ಹೆಚ್ಚು ಕಡಿಮೆ ಒಂದೇ. ಬೆಂಗಳೂರಿನದು ತನ್ನ ಶಾಖೆ ಎಂದು ಮುಂಬೈ ಸಂಸ್ಥೆ ಹೇಳಿತು. ತಾನು ಕರ್ನಾಟಕದ ಕಾಯ್ದೆಯಡಿ ನೋಂದಣಿಯಾದ ಸ್ವತಂತ್ರ ಸಂಸ್ಥೆ ಎಂದು ಬೆಂಗಳೂರಿನದು ವಾದಿಸಿತು. 2009ರಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಬೆಂಗಳೂರು ಸಂಸ್ಥೆಯ ಪರವಾಗಿ, 2011ರಲ್ಲಿ ಹೈಕೋರ್ಟ್ ಅದಕ್ಕೆ ವಿರುದ್ಧವಾಗಿ, 2025ರ ಮೇ 16ರಂದು ಸುಪ್ರೀಂ ಕೋರ್ಟ್ ಮತ್ತೆ ಬೆಂಗಳೂರು ಸಂಸ್ಥೆಯ ಪರವಾಗಿ ತೀರ್ಪು ನೀಡಿದವು. ಕಾಲು ಶತಮಾನ ಹಿಡಿದರೂ ಅಲ್ಲಿ ತೀರ್ಪಿಗೆ ಆಧಾರವಾಗಬಲ್ಲ ಕಾಗದಗಳಿದ್ದವು: ನೋಂದಣಿ ಪತ್ರ, ನಿವೇಶನದ ಹಂಚಿಕೆ, ಬ್ಯಾಂಕಿನ ಲೆಕ್ಕ. ನವಬೃಂದಾವನದಲ್ಲಿ ಕೇಳಬೇಕಾಗಿರುವುದು ಯತಿಯೊಬ್ಬರ ನಿಜವಾದ ಉತ್ತರಾಧಿಕಾರಿ ಯಾರು ಎಂದು. ಐದಾರು ಶತಮಾನಗಳ ಹಿಂದಿನ ಆ ಪ್ರಶ್ನೆಗೆ ಒಂದು ತೀರ್ಪು ಬಂದಿತೆಂದೇ ಇಟ್ಟುಕೊಳ್ಳೋಣ. ಸೋತ ಮಠದ ಶಿಷ್ಯರು ಮರುದಿನದಿಂದ ಆ ಗುರುಗಳನ್ನು ನೆನೆಯುವುದನ್ನು ಬಿಡುತ್ತಾರೆಯೇ?

ಆದ್ದರಿಂದ ಹಂಚಿಕೊಳ್ಳಬೇಕಾದದ್ದು ಒಡೆತನವನ್ನಲ್ಲ, ಸರದಿಯನ್ನು. ಈ ಮಾತು ನನ್ನದೇನಲ್ಲ. ಇದೇ ಮಾಧ್ವ ಸಂಪ್ರದಾಯದವರು ಶತಮಾನಗಳ ಹಿಂದೆಯೇ ಇದನ್ನು ಮಾಡಿ ತೋರಿಸಿದ್ದಾರೆ, ಅದೂ ಇಬ್ಬರ ನಡುವೆ ಅಲ್ಲ, ಎಂಟು ಮಠಗಳ ನಡುವೆ.

ಉಡುಪಿಯ ಕೃಷ್ಣಪೂಜೆ ಎಂಟು ಮಠಗಳ ನಡುವೆ ಸರದಿಯಾಗಿ ಸಾಗುವ ಪರ್ಯಾಯದ ಬಗ್ಗೆ ಹೇಳುವಾಗ ನಾವು ಮೆರವಣಿಗೆ, ದರ್ಬಾರು, ಊಟದ ವೈಭವಗಳನ್ನು ಹೇಳಿ ನಿಲ್ಲಿಸುತ್ತೇವೆ. ಆ ಏರ್ಪಾಟಿನ ಒಳಗಿನ ಜಾಣ್ಮೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಧ್ವಾಚಾರ್ಯರು ಕೃಷ್ಣಪೂಜೆಯನ್ನು ಎಂಟು ಮಂದಿ ಶಿಷ್ಯರಿಗೆ ಒಪ್ಪಿಸಿದಾಗ ಒಬ್ಬೊಬ್ಬರ ಸರದಿ ಎರಡು ತಿಂಗಳದಾಗಿತ್ತು. ಎರಡು ತಿಂಗಳೆಂದರೆ ಒಬ್ಬ ಯತಿ ಬಂದು ಪಾತ್ರೆ ಪಡಗ ಹೊಂದಿಸಿಕೊಳ್ಳುವುದರೊಳಗೆ ಹೊರಡುವ ಹೊತ್ತು. ಸಂಚಾರಕ್ಕೆ, ಪಾಠಪ್ರವಚನಕ್ಕೆ ದೂರ ಹೋಗುವಂತೆಯೂ ಇಲ್ಲ. ಸೋದೆಯ ವಾದಿರಾಜರು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. 1522ರಿಂದ ಆ ಕ್ರಮ ನಡೆದುಬಂದಿದೆ ಎಂದು ಲೆಕ್ಕ. ಎಂಟು ಮಠಗಳ ಸುತ್ತು ಮುಗಿಯಲು ಹದಿನಾರು ವರ್ಷ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಅನುಕ್ರಮ ಎಲ್ಲರಿಗೂ ಬಾಯಿಪಾಠ. ಇಂದು ಹುಟ್ಟಿದ ಮಗುವಿಗೆ ಹದಿನಾರು ತುಂಬುವ ಹೊತ್ತಿಗೆ ಯಾವ ಮಠದ ಪರ್ಯಾಯ ಎಂದು ಬೆರಳಿನಲ್ಲಿ ಎಣಿಸಿ ಹೇಳಬಹುದು. ಸಮಸಂಖ್ಯೆಯ ವರ್ಷದ ಜನವರಿ 18ರ ನಸುಕಿನಲ್ಲಿ ಅಕ್ಷಯಪಾತ್ರೆಯೂ ಸಟ್ಟುಗವೂ ಕೈ ಬದಲಾಯಿಸುತ್ತವೆ. ಅದಕ್ಕೆ ಯಾವ ಮಧ್ಯಂತರ ಆದೇಶವೂ ಬೇಕಾಗುವುದಿಲ್ಲ.

ನನ್ನನ್ನು ಇನ್ನೂ ಹೆಚ್ಚು ಸೆಳೆಯುವುದು ಆ ಸಟ್ಟುಗ. ಪೂಜೆಯ ಅಧಿಕಾರದ ಜೊತೆಗೆ ಅನ್ನದ ಹೊಣೆಯೂ ಬರುತ್ತದೆ ಎಂಬುದಕ್ಕೆ ಅದು ಗುರುತು. ಸರದಿಗೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದೊಂದಾಗಿ ನಡೆಯುತ್ತವೆ. ಎಲೆ, ಅಕ್ಕಿ, ಸೌದೆಗಳ ಸಿದ್ಧತೆಯನ್ನೇ ಶಾಸ್ತ್ರವನ್ನಾಗಿ ಮಾಡಿದ ಹಿರಿಯರಿಗೆ, ಹಕ್ಕು ಎಂಬುದು ಖರ್ಚಿನ ಬಾಬ್ತೂ ಹೌದೆಂದು ತಿಳಿದಿತ್ತು. ಎರಡು ವರ್ಷ ಯಾತ್ರಿಕರಿಗೆಲ್ಲ ಊಟ ಹಾಕಿದ ಮಠ ಆ ಭಾರವನ್ನು ಮುಂದಿನವರಿಗೆ ದಾಟಿಸುವಾಗ ಮನಸ್ಸಿನಲ್ಲಿ ಒಂದಿಷ್ಟು ನಿರಾಳವೂ ಇರುತ್ತದೆ. ಬರೀ ಅಧಿಕಾರವನ್ನು ಹಂಚಿದ್ದರೆ ಯಾರೂ ಬಿಟ್ಟುಕೊಡುತ್ತಿರಲಿಲ್ಲವೇನೋ.

ಇದಕ್ಕಿಂತಲೂ ಆಳವಾದದ್ದು ದ್ವಂದ್ವ ಮಠಗಳ ಕಲ್ಪನೆ. ಎಂಟು ಮಠಗಳು ನಾಲ್ಕು ಜೋಡಿ: ಪಲಿಮಾರು ಮತ್ತು ಅದಮಾರು, ಕೃಷ್ಣಾಪುರ ಮತ್ತು ಪುತ್ತಿಗೆ, ಶೀರೂರು ಮತ್ತು ಸೋದೆ, ಕಾಣಿಯೂರು ಮತ್ತು ಪೇಜಾವರ. ಒಂದು ಮಠದ ಯತಿಗಳು ಶಿಷ್ಯಸ್ವೀಕಾರ ಮಾಡದೆ ಹರಿಪಾದ ಸೇರಿದರೆ ಆ ಮಠಕ್ಕೆ ಉತ್ತರಾಧಿಕಾರಿಯನ್ನು ನೇಮಿಸುವ ಹೊಣೆ ಜೋಡಿ ಮಠದ್ದು. ನಮ್ಮ ಕಾಲದಲ್ಲಿಯೇ ಇದು ಪರೀಕ್ಷೆಗೆ ಒಳಗಾಯಿತು. 2018ರ ಜುಲೈನಲ್ಲಿ ಶೀರೂರಿನ ಲಕ್ಷ್ಮೀವರತೀರ್ಥರು ನಿಧನರಾದಾಗ ಪೀಠಕ್ಕೆ ಉತ್ತರಾಧಿಕಾರಿ ಇರಲಿಲ್ಲ. ಸೋದೆ ಮಠದ ವಿಶ್ವವಲ್ಲಭತೀರ್ಥರು ಶೀರೂರು ಮಠದ ಆಡಳಿತ ನೋಡಿಕೊಂಡು, 2021ರಲ್ಲಿ ವೇದವರ್ಧನತೀರ್ಥರಿಗೆ ಸನ್ಯಾಸ ಕೊಟ್ಟು ಪೀಠದಲ್ಲಿ ಕೂರಿಸಿದರು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ ಅದೇ ವರ್ಷ ತಳ್ಳಿಹಾಕಿತು. 2026ರ ಜನವರಿಯಲ್ಲಿ ಶೀರೂರಿನ ಸರದಿ ಬಂದಾಗ ಆ ಯುವ ಯತಿಗಳೇ ಪರ್ಯಾಯದ ಸರ್ವಜ್ಞ ಪೀಠವೇರಿದರು. ಅನುಕ್ರಮದಲ್ಲಿ ಶೀರೂರಿನ ನಂತರದ ಸರದಿ ಸೋದೆಯದು ಎಂಬುದನ್ನು ಗಮನಿಸಬೇಕು. ನೆರೆಯ ಮಠದ ಗದ್ದುಗೆ ಖಾಲಿ ಬಿದ್ದರೆ ಅದನ್ನು ತುಂಬಿಕೊಡುವುದು ತಮ್ಮ ಕರ್ತವ್ಯವೆಂದು ಕಲಿಸುವ ಏರ್ಪಾಟು ಅದು. ಪಕ್ಕದ ಮನೆಯ ದೀಪ ಆರದಂತೆ ನೋಡಿಕೊಳ್ಳಬೇಕಾದವರಿಗೆ ಆ ಮನೆಯ ಮೇಲೆ ದ್ವೇಷ ಸಾಧಿಸುವುದು ಕಷ್ಟ.

ಉಡುಪಿಯಲ್ಲಿ ಭಿನ್ನಾಭಿಪ್ರಾಯಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪುತ್ತಿಗೆಯ ಸುಗುಣೇಂದ್ರತೀರ್ಥರು ವಿದೇಶ ಸಂಚಾರ ಮಾಡಿದ್ದಾರೆ, ಸಮುದ್ರ ದಾಟಿದ ಯತಿ ಕೃಷ್ಣನ ಪ್ರತಿಮೆಯನ್ನು ಮುಟ್ಟಿ ಪೂಜಿಸಬಹುದೇ ಎಂಬ ಆಕ್ಷೇಪ 2008ರ ಪರ್ಯಾಯದ ಹೊತ್ತಿಗೆ ತೀವ್ರವಾಗಿತ್ತು. ಆ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ. ಆದರೂ 2008ರಲ್ಲಿಯೂ 2024ರಲ್ಲಿಯೂ ಪುತ್ತಿಗೆಯ ಸರದಿ ಪುತ್ತಿಗೆಗೇ ಬಂದಿತು, ಮುಂದಿನ ಸರದಿ ಮುಂದಿನವರಿಗೆ ಹೋಯಿತು. ಭಿನ್ನಮತ ಉಳಿದಿದ್ದರೂ ಕೃಷ್ಣನ ಪೂಜೆ ಒಂದು ದಿನವೂ ನಿಲ್ಲಲಿಲ್ಲ.

ನವಬೃಂದಾವನದಲ್ಲಿ ಇಂಥದ್ದು ಸಾಧ್ಯವಿಲ್ಲ ಎಂದು ಹೇಳುವವರಿಗೆ ನಾನು 2019ರ ಜುಲೈ ತಿಂಗಳನ್ನು ನೆನಪಿಸುತ್ತೇನೆ. ಆ ತಿಂಗಳ 17ರ ರಾತ್ರಿ ನಿಧಿಯಾಸೆಯಿಂದ ಬಂದ ದುಷ್ಕರ್ಮಿಗಳು ವ್ಯಾಸರಾಜರ ಬೃಂದಾವನವನ್ನು ಕಿತ್ತು ಅಗೆದುಹಾಕಿದರು. ಕೃಷ್ಣದೇವರಾಯನಿಗೆ ಗುರುಸ್ಥಾನದಲ್ಲಿದ್ದವರು, ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾದವರು 1539ರಿಂದ ನೆಲೆಸಿದ ತಾಣ ಅದು. ಬೆಳಗ್ಗೆ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದ ಚಿತ್ರಗಳು ಮೊಬೈಲಿನಲ್ಲಿ ಬಂದಾಗ ನಮ್ಮ ತಾಯಿ ಅತ್ತದ್ದನ್ನು ನಾನು ಮರೆಯಲಾರೆ. ಆಮೇಲೆ ಆದದ್ದು ಅದಕ್ಕಿಂತ ದೊಡ್ಡದು. ವ್ಯಾಸರಾಜ ಮಠದವರೊಂದಿಗೆ ಬೇರೆ ಬೇರೆ ಮಾಧ್ವ ಮಠಗಳ ಯತಿಗಳು, ವಿದ್ವಾಂಸರು, ಶಿಷ್ಯರು ಬಂದು ಸೇರಿದರು. ಮಣ್ಣು, ಕಲ್ಲು ಹೊತ್ತರು. ಮಂತ್ರ ಹೇಳುವವರು ಹೇಳಿದರು, ನದಿಯಿಂದ ನೀರು ತರುವವರು ತಂದರು. ಎರಡು ದಿನ ಕಳೆಯುವುದರೊಳಗೆ ಬೃಂದಾವನ ಮತ್ತೆ ಎದ್ದು ನಿಂತಿತು, ಪೂಜೆಯೂ ನಡೆಯಿತು. ವ್ಯಾಸರಾಜರು ಉತ್ತರಾದಿ ಮಠದ ಗುರುಪರಂಪರೆಯಲ್ಲಿ ಬರುವುದಿಲ್ಲ, ರಾಯರ ಮಠದ ಪರಂಪರೆಯಲ್ಲಿಯೂ ಬರುವುದಿಲ್ಲ. ಆದರೂ ಆ ಎರಡು ದಿನ ಗಡ್ಡೆಯಲ್ಲಿ ಯಾರೂ ಯಾರನ್ನೂ "ತಾವು ಯಾವ ಮಠದವರು?" ಎಂದು ಕೇಳಲಿಲ್ಲ. ಪಾಲು ಮಾಡಲು ಹೊತ್ತೇ ಇರಲಿಲ್ಲ, ಹೊರಬೇಕಾದ ಕಲ್ಲು ಮಾತ್ರ ಇತ್ತು.

ಅಂಥ ಸಂಕಟದ ದಿನಗಳ ಒಗ್ಗಟ್ಟು ಸಾಮಾನ್ಯ ದಿನಗಳಿಗೆ ಇಳಿದು ಬರುವುದಿಲ್ಲ ಎಂಬುದು ನನಗೂ ಗೊತ್ತು. ಅದನ್ನು ಕಾಗದದ ಮೇಲೆ ಇಳಿಸಬೇಕಾಗುತ್ತದೆ. ಹೇಗೆ ಎಂದು ಯೋಚಿಸುತ್ತ ನಾನು ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ತಂಟೆಯಲ್ಲಿರುವ ಆರಾಧನೆಗಳು ಮೂರು: ಪದ್ಮನಾಭತೀರ್ಥರದು, ಕವೀಂದ್ರತೀರ್ಥರದು, ವಾಗೀಶತೀರ್ಥರದು. ಒಂದೊಂದು ಆರಾಧನೆಯ ಮೂರು ದಿನಗಳನ್ನು ಕತ್ತರಿಸಿ ಹಂಚುವ ಬದಲು ಇಡೀ ಆರಾಧನೆಯನ್ನೇ ಒಂದು ವರ್ಷ ಒಂದು ಮಠಕ್ಕೆ, ಮರುವರ್ಷ ಇನ್ನೊಂದಕ್ಕೆ ಕೊಟ್ಟರೆ ಹೇಗೆ? ಒಂದು ವರ್ಷ ಒಬ್ಬರಿಗೆ ಪದ್ಮನಾಭತೀರ್ಥರ ಆರಾಧನೆ, ಇನ್ನೊಬ್ಬರಿಗೆ ಉಳಿದ ಎರಡು. ಮರುವರ್ಷ ಅದಲುಬದಲು. ಎರಡು ವರ್ಷಕ್ಕೆ ಇಬ್ಬರಿಗೂ ಮೂರು ಮೂರು ಪೂರ್ಣ ಆರಾಧನೆಗಳಾಗುತ್ತವೆ. ಅರ್ಧ ದಿನದ ಮಾತೇ ಬರುವುದಿಲ್ಲ. ಮಧ್ಯಾಹ್ನ ಒಬ್ಬರು ಒಲೆ ಆರಿಸಿ ಇನ್ನೊಬ್ಬರು ಹಚ್ಚಬೇಕಾದ ದುರವಸ್ಥೆ ತಪ್ಪುತ್ತದೆ. ಸರದಿ ಇಲ್ಲದ ವರ್ಷ ಆ ಮಠದ ಪ್ರತಿನಿಧಿಗಳಿಗೆ ಸರದಿಯ ಮಠದವರೇ ಆಮಂತ್ರಣ ಕಳಿಸಿ ಗೌರವದಿಂದ ಅಗ್ರಸ್ಥಾನದಲ್ಲಿ ಕೂರಿಸಬೇಕು. ಉಡುಪಿಯಲ್ಲಿ ಪರ್ಯಾಯ ಯತಿಗಳು ಇತರ ಯತಿಗಳನ್ನು ಕರೆಯುವಂತೆ. ತೀರ್ಥಪ್ರಸಾದಕ್ಕೆ ಬಂದ ಯಾರನ್ನೂ ಯಾವ ಮಠದವರೆಂದು ಕೇಳುವಂತಿಲ್ಲ ಎಂಬ ಒಂದು ಸಾಲೂ ಅದರಲ್ಲಿ ಇರಲೇಬೇಕು.

ಈ ಒಪ್ಪಂದದಲ್ಲಿ ಒಡೆತನದ ಬಗ್ಗೆ ಒಂದು ಪದವೂ ಬರಬಾರದು. ಇದರಿಂದ ಯಾರ ಹಕ್ಕುಬಾಧ್ಯತೆಗೂ ಧಕ್ಕೆಯಿಲ್ಲ, ಗುರುಪರಂಪರೆಯ ಕುರಿತು ಯಾರೂ ಏನನ್ನೂ ಒಪ್ಪಿಕೊಂಡಂತಾಗುವುದಿಲ್ಲ ಎಂದು ಮೊದಲೇ ಬರೆದುಕೊಂಡರೆ ದಾವೆಗಳು ತಮ್ಮ ಪಾಡಿಗೆ ತಾವು ನಡೆಯಬಹುದು. ನ್ಯಾಯಾಲಯದ ಹೊರಗೆ ರಾಜಿಗೆ ದಾರಿ ಮಾಡಿಕೊಡುವ 89ನೆಯ ಕಲಂ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಇದೆ. ಮಧ್ಯಸ್ಥರು ಯಾರಾಗಬೇಕು ಎಂಬುದು ಕಠಿಣವಾದ ಮಾತು. ಮೂರನೆಯ ಮಾಧ್ವ ಮಠವೊಂದರ ಹಿರಿಯ ಯತಿಗಳೆಂದು ಮೊದಲು ನನಗೆ ಅನಿಸಿತ್ತು. ಆದರೆ ಜಯತೀರ್ಥರ ಬೃಂದಾವನದಂಥ ಪ್ರಶ್ನೆಗಳಲ್ಲಿ ಆ ಮಠಗಳಿಗೂ ತಮ್ಮದೇ ನಿಲುವು ಇದೆ. ಇತಿಹಾಸದ ಬಗ್ಗೆ ಮಾತನಾಡುವುದಿಲ್ಲ, ಪಂಚಾಂಗದ ಬಗ್ಗೆ ಮಾತ್ರ ಮಾತನಾಡುತ್ತೇವೆ ಎಂದು ಒಪ್ಪಿಕೊಂಡು ಕೂರುವವರು ಬೇಕು. ಅಂಥ ಕೆಲಸಕ್ಕೆ ನಿವೃತ್ತ ನ್ಯಾಯಮೂರ್ತಿಯೊಬ್ಬರು ಸಾಕು, ಜೊತೆಗೆ ಎರಡೂ ಮಠಗಳಿಂದ ಆರಾಧನೆಯ ಅಡುಗೆ, ಪೂಜೆಗಳನ್ನು ಹತ್ತಾರು ವರ್ಷ ಕೈಯಾರೆ ನಡೆಸಿದ ಇಬ್ಬರು ಮೂವರು ಇದ್ದರೆ ಒಳ್ಳೆಯದು. ಅಭಿಷೇಕಕ್ಕೆ ಎಷ್ಟು ಹೊತ್ತು ಬೇಕು, ಗಡ್ಡೆಗೆ ದಿನಸಿ ಸಾಗಿಸಲು ಎಷ್ಟು ದೋಣಿ ಬೇಕು, ಹೊಳೆ ತುಂಬಿದಾಗ ಏನು ಮಾಡಬೇಕು ಎಂಬುದನ್ನು ತಿಳಿದವರು ಅವರೇ.

ಗಡ್ಡೆಯನ್ನು ಕಾಯುವ ಕೆಲಸವೂ ಇದೆ. 2019ರ ನಂತರ ಆ ಮಾತು ಎಲ್ಲರ ಮನಸ್ಸಿನಲ್ಲಿದೆ. ರಾತ್ರಿಯ ಕಾವಲು, ಪ್ರವಾಹ ಇಳಿದ ಮೇಲೆ ಹೂಳು ತೆಗೆಸುವುದು, ಯಾತ್ರಿಕರಿಗೆ ನೆರಳು, ಮೆಟ್ಟಿಲು, ಇವೆಲ್ಲ ಯಾರ ಹಕ್ಕೂ ಅಲ್ಲದ, ಎಲ್ಲರ ಹೊಣೆಯೂ ಆದ ಕೆಲಸಗಳು. ಉಡುಪಿಯ ಸಟ್ಟುಗದಂತೆ ಇಲ್ಲಿಯೂ ಸರದಿಯ ಜೊತೆಗೆ ಈ ಹೊಣೆ ಸೇರಿಕೊಳ್ಳಬೇಕೆಂಬುದು ನನ್ನ ಆಸೆ. ಯಾರ ವರ್ಷವೋ ಅವರ ಕಾವಲು.

ಇದನ್ನೆಲ್ಲ ನಮ್ಮ ಸೋದರಮಾವನವರ ಮುಂದೆ ಇಟ್ಟೆ. ಅವರು ರಾಯರ ಮಠದ ಶಿಷ್ಯರು, ಜೀವಮಾನವಿಡೀ ಕಂದಾಯ ಇಲಾಖೆಯಲ್ಲಿ ದುಡಿದು ಜಮೀನಿನ ತಂಟೆಗಳನ್ನು ಸಾಕಷ್ಟು ಕಂಡವರು. ಪೂರ್ತಿ ಕೇಳಿ, ಲೆಕ್ಕ ಸರಿಯಾಗಿದೆ ಎಂದರು. ಆಮೇಲೆ ಕೇಳಿದರು: "ಮೊದಲನೆಯ ವರ್ಷ ಪದ್ಮನಾಭತೀರ್ಥರ ಆರಾಧನೆ ಯಾರದು?" ಚೀಟಿ ಎತ್ತಬಹುದು ಎಂದೆ. ಅವರು ತಲೆಯಾಡಿಸಿದರು. ಚೀಟಿಯಲ್ಲಿ ಬಂದದ್ದನ್ನು ಗೆದ್ದೆವೆಂದು ಒಬ್ಬರು ಹೇಳಿಕೊಂಡರೆ ಮತ್ತೆ ಮೊದಲಿಗೆ ಬಂದಂತಾಗುತ್ತದೆ, ಮೊದಲ ವರ್ಷವನ್ನು ಯಾರಾದರೂ ತಾವಾಗಿ ಬಿಟ್ಟುಕೊಡಬೇಕು ಎಂದರು. ಅವರ ಮಾತು ಸರಿ ಎಂದು ಅಂದು ರಾತ್ರಿಯೆಲ್ಲ ಅನ್ನಿಸುತ್ತಿತ್ತು.

ಬೇರೆಯವರ ಮಠಕ್ಕೆ ಬಿಟ್ಟುಕೊಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ನನ್ನ ಮಠಕ್ಕೆ ಹೇಳಬಹುದು. ತಂದೆಯವರ ಕಾಲದಿಂದ ನಮ್ಮ ಮನೆಯ ಬಗ್ಗೆ ಪ್ರೀತಿಯಿರುವ ಮಠದ ಹಿರಿಯ ವಿದ್ವಾಂಸರೊಬ್ಬರಿಗೆ ಈ ಲೆಕ್ಕವನ್ನೂ ಮಾವನವರ ಮಾತನ್ನೂ ಬರೆದು, ಮೊದಲ ವರ್ಷವನ್ನು ನಾವೇ ಬಿಟ್ಟುಕೊಡಬಹುದಲ್ಲವೇ ಎಂದು ವಿನಂತಿಸಿ ಒಂದು ಪತ್ರ ಸಿದ್ಧಪಡಿಸಿದ್ದೇನೆ. ತಾಯಿ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಬಿಟ್ಟುಕೊಡಬಹುದಲ್ಲವೇ" ಎಂಬಲ್ಲಿ ಬೆರಳಿಟ್ಟು, "ಬಿಟ್ಟುಕೊಡೋಣ" ಎಂದು ತಿದ್ದಿಸಿದ್ದಾರೆ. ನಾಳೆ ಅಂಚೆಗೆ ಹಾಕುತ್ತೇನೆ.